ಚಳೀಲಿ ಹಕ್ಕಿಗೆ ಕಾಳು: ಮಲೆನಾಡಲ್ಲಿ ಬೇಕಾ? ಹಾಕೋದಾದ್ರೆ ಹೇಗೆ?

ಕಾಫಿಕಣ:
ಮೂಡಿಗೆರೆ ಕಡೆ ತೋಟದ ಮನೆ. ಈಗ ಬೆಳಿಗ್ಗೆ ಒಂಬತ್ತರ ತನಕ ಮಂಜು ಹರಿಯಲ್ಲ. ಅಂಗಳದಲ್ಲಿ ಹಕ್ಕಿಗೆ ಅಂತ ಕಟ್ಟಿರೋ ತಟ್ಟೆಯದ್ದು ಮೂರು ತಕರಾರು. ಕಾಳು ರಾತ್ರಿ ಇಬ್ಬನಿ ಕುಡಿದು ಊದಿಕೊಳ್ಳುತ್ತೆ, ಮಾರನೇ ದಿನ ಹುಳಿ ವಾಸನೆ. ಬರೋದು ಗೊರವಂಕ, ಕಾಗೆ, ಚೋರೆ ಮಾತ್ರ. ನವರಂಗ, ರಾಜಹಕ್ಕಿ, ಸಿಳ್ಳಾರ ಎಲ್ಲ ಬೇಲಿ ಆಚೆ ಓಡಾಡ್ತವೆ, ತಟ್ಟೆ ಕಡೆ ತಿರುಗಿಯೂ ನೋಡಲ್ಲ. ಹಣ್ಣಿಟ್ಟರೆ ಮಂಗ. ಚಳಿದೇಶದವರು ಕೊಬ್ಬಿನ ಉಂಡೆ ಮಾಡಿ ನೇತುಹಾಕೋ ವಿಡಿಯೊ ನೋಡಿದೀನಿ, ಅದು ಇಲ್ಲಿ ನಡೆಯುತ್ತಾ? ಅದಕ್ಕಿಂತ ಮೊದಲು, ಈ ಚಳೀಲಿ ಹಕ್ಕಿಗೆ ಹೊಟ್ಟೆಗೆ ಸಾಲುತ್ತಾ ಇಲ್ವಾ? ಗೊತ್ತಿರೋರು ಹೇಳಿ.

ಬೂದು ಸಿಪಿಲೆ:
ಸಾಲುತ್ತೆ. ಸಾಲದೇ ಇದ್ದಿದ್ರೆ ಹಿಮಾಲಯದಿಂದ ಇಲ್ಲಿ ತನಕ ಹಾರಿ ಬರ್ತಿರಲಿಲ್ಲ.

ಹಾಲುವಾಣ:
ಮೇಲಿನವರು ಒಂದೇ ಸಾಲಲ್ಲಿ ಮುಗಿಸಿದ್ರು, ಸ್ವಲ್ಪ ಬಿಡಿಸಿ ಹೇಳ್ತೀನಿ. ನೀವು ಹೆಸರಿಸಿದ ನವರಂಗ, ರಾಜಹಕ್ಕಿ ಎರಡೂ ಹುಳ ತಿನ್ನೋ ಹಕ್ಕಿ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಉತ್ತರದಿಂದ ಬರ್ತವೆ, ಏಪ್ರಿಲ್ ಹೊತ್ತಿಗೆ ವಾಪಸ್. ಬೂದು ಸಿಪಿಲೆ ಇನ್ನೂ ಮುಂಚೆ, ಆಗಸ್ಟ್ ಕೊನೆಗೇ ರಸ್ತೆ ಬದಿ ನೀರಲ್ಲಿ ಬಾಲ ಕುಣಿಸ್ತಾ ಇರುತ್ತೆ. ಕಾಫಿ ಗಿಡದ ಒಳಗೆ ಕೂತು 'ಚಕ್ ಚಕ್' ಅನ್ನೋ ಕಂದು ಉಲಿಯಕ್ಕಿ, ನೆರಳಿನ ಮರದ ತುದೀಲಿ ನೀಲಿ ನೊಣಹಿಡುಕ, ನೀಲಿ ತಲೆಯ ಬಂಡೆ ಸಿಳ್ಳಾರ, ಇವೆಲ್ಲ ಚಳಿಗಾಲದ ನೆಂಟರು. ಇವಕ್ಕೆ ಅಕ್ಕಿ, ರಾಗಿ ಆಹಾರವೇ ಅಲ್ಲ. ತಟ್ಟೆ ಎಷ್ಟು ಚಂದ ಮಾಡಿದ್ರೂ ಬರಲ್ಲ.

ನವರಂಗ ಬೇಕಾದ್ರೆ ತರಗೆಲೆ ಬಿಡಿ. ಮನೆ ಹಿಂದೆ ನೆರಳಿರೋ ಕಡೆ, ಹತ್ತಡಿ ಉದ್ದಗಲದ ಜಾಗ ಗುಡಿಸದೆ ನಾಲ್ಕೈದು ಇಂಚು ದಪ್ಪ ಎಲೆ ಕೂತಿರಬೇಕು, ಕೆಳಗೆ ಹಸಿ ಇರಬೇಕು. ಸಿಲ್ವರ್ ಓಕ್ ಎಲೆ ಬೇಗ ಕರಗಲ್ಲ, ಬರೀ ಅದೇ ಇದ್ರೆ ಪ್ರಯೋಜನ ಕಮ್ಮಿ. ಹಲಸು, ಅತ್ತಿ, ಹಾಲುವಾಣದ ಎಲೆ ಮಿಕ್ಸ್ ಆಗಿರಲಿ. ಎರೆಹುಳ, ಗೊಬ್ಬರದ ಹುಳ, ಗೆದ್ದಲು ಕೂತ ಮೇಲೆ ನವರಂಗ, ಕಿತ್ತಳೆ ತಲೆಯ ಸಿಳ್ಳಾರ, ಮಡಿವಾಳ ಹಕ್ಕಿ ತಾವಾಗೇ ಎಲೆ ಮಗುಚೋಕೆ ಬರ್ತವೆ. ಹಟ್ಟಿ ಗೊಬ್ಬರದ ಗುಂಡಿ ಅಂಚೂ ಇದೇ ಕೆಲಸ ಮಾಡುತ್ತೆ.

ಹಿಮದೂರಿನ ಹಾಸನ್ನೋರು:
ಕೊಬ್ಬಿನ ಉಂಡೆ ವಿಷಯಕ್ಕೆ ಬರ್ತೀನಿ. ಅಮೆರಿಕದ ಮಿನೆಸೋಟ, ವಿಸ್ಕಾನ್ಸಿನ್ ಕಡೆ ಜನವರಿಯಲ್ಲಿ ಮೈನಸ್ 20 ಮಾಮೂಲಿ. ಅಲ್ಲಿಯ ಚಿಕಡಿ ಅನ್ನೋ ಹಕ್ಕಿ, ನಮ್ಮ ಚೇಕಡಿ ಹಕ್ಕಿಯ ನೆಂಟ, ಹತ್ತು ಹನ್ನೆರಡು ಗ್ರಾಂ ತೂಕ ಅಷ್ಟೆ. ರಾತ್ರಿ ಮೈ ಬಿಸಿಯನ್ನ ಹತ್ತು ಡಿಗ್ರಿಯಷ್ಟು ಇಳಿಸಿಕೊಂಡು, ಹಗಲು ಕೂಡಿಟ್ಟ ಕೊಬ್ಬನ್ನ ಸುಟ್ಟುಕೊಂಡು ಬೆಳಗು ಮಾಡುತ್ತೆ. ಹುಳ ಇಲ್ಲ, ನೆಲದ ಮೇಲೆ ಹಿಮ, ಹಗಲು ಒಂಬತ್ತೇ ಗಂಟೆ. ಅಂಥ ಕಡೆ ಕರಿ ಸೂರ್ಯಕಾಂತಿ ಬೀಜ, ಗಟ್ಟಿ ಕೊಬ್ಬು ನಿಜಕ್ಕೂ ಜೀವ ಉಳಿಸುತ್ತೆ. ವಿಸ್ಕಾನ್ಸಿನ್‌ನಲ್ಲಿ ನಡೆದ, 1988ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಕಾಳು ಸಿಕ್ಕ ಚಿಕಡಿಗಳಲ್ಲಿ ಚಳಿಗಾಲ ದಾಟಿದ್ದು ಶೇ. 69, ಸಿಗದೇ ಇದ್ದವುಗಳಲ್ಲಿ ಶೇ. 37. ಆದ್ರೆ ಈ ವ್ಯತ್ಯಾಸ ಕಂಡದ್ದು ಮೈನಸ್ 18ಕ್ಕಿಂತ ಕೆಳಗೆ ಇಳಿದ ದಿನಗಳು ಜಾಸ್ತಿ ಇದ್ದ ತಿಂಗಳಲ್ಲಿ. ಚಳಿ ಸಾಧಾರಣ ಇದ್ದ ತಿಂಗಳಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಇರಲಿಲ್ಲ.

ಚಿಕ್ಕಮಗಳೂರಲ್ಲಿ ರಾತ್ರಿ 13-14, ಗಿರಿ ಮೇಲೆ ಇನ್ನೂ ಕಮ್ಮಿ ಅನ್ನಿ. ಮಧ್ಯಾಹ್ನ ಮತ್ತೆ 25 ದಾಟುತ್ತೆ. ಅಲ್ಲಿಯ ಲೆಕ್ಕ ಇಲ್ಲಿಗೆ ತರೋಕೆ ಆಗಲ್ಲ.

ಒಗ್ಗರಣೆ:
ಆ ಕೊಬ್ಬು ಎಂತದ್ದು? ಡಾಲ್ಡಾ ಹಾಕಿ ಮಾಡಬಹುದಲ್ಲ?

ಹಿಮದೂರಿನ ಹಾಸನ್ನೋರು:
ಮೂಲದಲ್ಲಿ ದನದ ಮೂತ್ರಪಿಂಡದ ಸುತ್ತ ಇರೋ ಗಟ್ಟಿ ಕೊಬ್ಬು. ಕಾಯಿಸಿ ಸೋಸಿ ಬೀಜ ಸೇರಿಸಿ ಅಚ್ಚು ಹಾಕ್ತಾರೆ. ಅಲ್ಲಿಯವರೇ ಬಿಸಿಲು 21 ಡಿಗ್ರಿ ದಾಟಿದ್ರೆ ಇಳಿಸಿಬಿಡಿ, ಮುಗ್ಗುತ್ತೆ ಅಂತಾರೆ. ಡಾಲ್ಡಾ ಇಲ್ಲಿಯ ಮಧ್ಯಾಹ್ನಕ್ಕೆ ಮೆತ್ತಗಾಗಿ ಎದೆ ಪುಕ್ಕಕ್ಕೆ ಮೆತ್ತಿಕೊಳ್ಳುತ್ತೆ. ಜಿಡ್ಡು ಹತ್ತಿದ ಪುಕ್ಕ ನೀರು ತಡೆಯಲ್ಲ, ಚಳಿಯೂ ತಡೆಯಲ್ಲ. ಮಂಜಿನ ಬೆಳಿಗ್ಗೆಗೆ ಅದಕ್ಕಿಂತ ಅಪಕಾರ ಇನ್ನೊಂದಿಲ್ಲ.

ಯಗಚಿ ದಂಡೆ:
ಹಾಗಾದ್ರೆ ಏನೂ ಹಾಕೋದೇ ಬೇಡ್ವಾ? ಊರೆಲ್ಲ ಅಡಿಕೆ, ಶುಂಠಿ ಆಗಿ ಹೊಲದಲ್ಲಿ ಕಾಳು ಉದುರೋದೇ ನಿಂತಿದೆ. ಮುಂಚೆ ಭತ್ತದ ಕಣದಲ್ಲಿ ಗುಬ್ಬಿ, ರಾಟವಾಳ ಮುತ್ತಿಕೊಳ್ತಿದ್ವು. ಬೇಲೂರು-ಹಳೇಬೀಡು ರಸ್ತೇಲಿ ಈಗ ಭತ್ತ ಹುಡುಕಬೇಕು. ಕಾಳು ತಿನ್ನೋ ಹಕ್ಕಿ ಎಲ್ಲಿಗೆ ಹೋಗಬೇಕು ಹೇಳಿ.

ಹಾಲುವಾಣ:
ಯಗಚಿ ದಂಡೆಯವರೇ, ಕಾಳು ತಿನ್ನೋ ಹಕ್ಕಿ ಮಟ್ಟಿಗೆ ನಿಮ್ಮ ಮಾತು ಒಪ್ಪಿದೆ. ಗುಬ್ಬಿ, ರಾಟವಾಳ, ಚೋರೆಗೆ ಹಾಕಿ, ತಪ್ಪಿಲ್ಲ. ಬೇಡ ಅಂದದ್ದು ಎಲ್ಲ ಹಕ್ಕಿಗೂ ಅನ್ನದ ತಟ್ಟೆ ತೋರಿಸೋದನ್ನ.

ಹಾಳೆಟೋಪಿ:
ಕಾಫಿಕಣ ಅವರ ಮೊದಲ ತಕರಾರಿಗೆ ಉತ್ತರ ಯಾರೂ ಕೊಟ್ಟಿಲ್ಲ. ತಟ್ಟೆ ತಳ ಮುಚ್ಚಿದ್ದು ಅಂತ ಕಾಣುತ್ತೆ. ಸ್ಟೀಲ್ ತಟ್ಟೆ, ಪ್ಲಾಸ್ಟಿಕ್ ಮುಚ್ಚಳ, ತೆಂಗಿನ ಗೆರಟೆ, ಅಡಿಕೆ ಹಾಳೆ ಎಲ್ಲದರದ್ದೂ ಒಂದೇ ಕಥೆ, ಇಬ್ಬನಿ ತಳದಲ್ಲಿ ನಿಲ್ಲುತ್ತೆ. ಇದಕ್ಕೆ ಜರಡಿ ಬಳಸಿ. ಹಳೇ ಮರದ ಚೌಕಟ್ಟಿನ ಜರಡಿ ಇದ್ರೆ ಅದೇ ಸಾಕು, ಇಲ್ಲದಿದ್ರೆ ಒಂದಡಿ ಚೌಕದ ರೀಪರ್ ಪಟ್ಟಿಗೆ ತಂತಿ ಬಲೆ ಹೊಡೀರಿ. ಬಲೆ ಕಣ್ಣು ಒಂದು ಮಿಲಿಮೀಟರ್ ದಾಟಬಾರದು. ಸೊಳ್ಳೆ ಬಲೆಯ ಕಣ್ಣು ಸ್ವಲ್ಪ ದೊಡ್ಡದು, ರಾಗಿ ನವಣೆ ಜಾರಿ ನೆಲಕ್ಕೆ ಬಿದ್ದು ಇಲಿಗೆ ಹಬ್ಬ. ಅಂಚು ಒಂದು ಇಂಚು ಎತ್ತರ ಇರಲಿ, ಜಾಸ್ತಿ ಆದ್ರೆ ಚೋರೆ ಒಳಗೆ ಕೂತಾಗ ಬೆಕ್ಕು ಬರೋದು ಕಾಣಲ್ಲ.

ಮೇಲೊಂದು ಮಾಡು ಬೇಕು. ಒಂದೂವರೆ ಅಡಿ ಚೌಕದ ಜಿಂಕ್ ಶೀಟ್ ಇಳಿಜಾರಾಗಿ, ಜರಡಿಗೂ ಮಾಡಿಗೂ ಒಂಬತ್ತು ಹತ್ತು ಇಂಚು ಅಂತರ. ತಗ್ಗಾಗಿ ಕಟ್ಟಿದ್ರೆ ಗೊರವಂಕವೂ ಒಳಗೆ ಬರಲ್ಲ. ಆಮೇಲೆ ಮುಖ್ಯ ವಿಷಯ, ಕಾಳು ರಾತ್ರಿ ತಟ್ಟೇಲಿ ಇರೋದೇ ಬೇಡ. ಮಂಜು ಹರಿಯೋ ಹೊತ್ತಿಗೆ ಒಂದು ಹಿಡಿ, ಅಂದಾಜು 50 ಗ್ರಾಂ, ಹಾಕಿ. ಒಂದೆರಡು ಗಂಟೇಲಿ ಖಾಲಿ ಆಗಬೇಕು. ಉಳಿದ್ರೆ ನಾಳೆ ಅರ್ಧ ಹಿಡಿ.

ಕಾಫಿಕಣ:
ಜರಡಿ ಐಡಿಯಾ ಚೆನ್ನಾಗಿದೆ. ಯಾವ ಕಾಳು?

ಹಾಳೆಟೋಪಿ:
ರಾಟವಾಳಕ್ಕೆ ನವಣೆ, ಸಜ್ಜೆ. ಚೋರೆಗೆ ರಾಗಿ, ನುಚ್ಚಕ್ಕಿ. ಗುಬ್ಬಿ ಎಲ್ಲಾನೂ ಮುಕ್ಕುತ್ತೆ. ಇನ್ನೊಂದು ಸುಲಭದ್ದು: ಕೊಯ್ಲಿನಲ್ಲಿ ಒಂದು ಹಿಡಿ ಭತ್ತದ ತೆನೆ ಎತ್ತಿಟ್ಟು, ಬುಡ ಮೇಲೆ ಮಾಡಿ ಸೆಣಬಿನ ದಾರದಲ್ಲಿ ಬಿಗಿದು ಸೂರಿನ ಅಡಿ ಇಳಿಬಿಡಿ. ಇಬ್ಬನಿ ತಾಗಲ್ಲ, ಗಾಳಿ ಆಡುತ್ತೆ, ಕಾಗೆ ಕೂರೋಕೆ ಆಗಲ್ಲ, ಗುಬ್ಬಿ ತೆನೆ ಹಿಡಿದು ಜೋತಾಡಿಕೊಂಡು ತಿನ್ನುತ್ತೆ. ನವಣೆ ತೆನೆ ಸಿಕ್ಕಿದ್ರೆ ಇನ್ನೂ ಒಳ್ಳೇದು. ನೈಲಾನ್ ದಾರ ಬೇಡ, ಕಾಲಿಗೆ ಸುತ್ತಿಕೊಂಡ್ರೆ ಬಿಡಿಸಿಕೊಳ್ಳಲ್ಲ.

ದನದ ಡಾಕ್ಟ್ರು:
ಒಂದು ಎಚ್ಚರಿಕೆ. ಮನೇಲಿ ಮಿಕ್ಕ ಬಿತ್ತನೆ ಬೀಜ ಹಾಕಬೇಡಿ. ಗುಲಾಬಿ ಬಣ್ಣ, ನೀಲಿ ಬಣ್ಣ ಇರೋದು ಶಿಲೀಂಧ್ರನಾಶಕ ಲೇಪಿಸಿದ ಬೀಜ. ತೊಳೆದರೆ ಹೋಗುತ್ತೆ ಅನ್ನೋದು ತಪ್ಪು.

ಕಡಲೆಕಾಯಿ ಬಗ್ಗೆಯೂ ಹುಷಾರು. ನಮ್ಮ ಹವೆಗೆ ಕಡಲೆಬೀಜ ಬೇಗ ಬೂಷ್ಟು ಹಿಡಿಯುತ್ತೆ. ಆ ಬೂಷ್ಟಲ್ಲಿ ಅಫ್ಲಟಾಕ್ಸಿನ್ ಅನ್ನೋ ವಿಷ ಹುಟ್ಟುತ್ತೆ, ಅದು ಹಕ್ಕಿ ಯಕೃತ್ತನ್ನೇ ಹಿಡಿಯುತ್ತೆ. ಹುರಿದ್ರೂ ವಿಷ ಪೂರ್ತಿ ಹೋಗಲ್ಲ. ಮುಗ್ಗು ವಾಸನೆ ಬಂದ್ರೆ ಎಸೆಯೋದೇ. ಮಿಕ್ಸ್ಚರು, ಚಿತ್ರಾನ್ನ, ಉಪ್ಪಿನ ಬಿಸ್ಕತ್ತು ಬೇಡ, ಅಷ್ಟು ಉಪ್ಪು ಸಣ್ಣ ಹಕ್ಕಿ ತಡೆಯಲ್ಲ. ಹಾಲಂತೂ ಬೇಡವೇ ಬೇಡ, ಹಕ್ಕಿಗೆ ಹಾಲು ಜೀರ್ಣ ಆಗಲ್ಲ.

ಒಗ್ಗರಣೆ:
ಹಸಿ ಅಕ್ಕಿ ಹೊಟ್ಟೇಲಿ ಊದಿ ಹಕ್ಕಿ ಸಾಯುತ್ತೆ ಅಂತ ವಾಟ್ಸಾಪಲ್ಲಿ ಬಂದಿತ್ತಲ್ಲ. ನುಚ್ಚು ಹಾಕಿ ಅಂತೀರಿ?

ದನದ ಡಾಕ್ಟ್ರು:
ಸುಳ್ಳು. ಭತ್ತದ ಗದ್ದೇಲಿ ರಾಟವಾಳ ವರ್ಷವಿಡೀ ತಿನ್ನೋದು ಏನು ಮತ್ತೆ? ಹಕ್ಕಿಗೆ ಗಂಟಲಲ್ಲಿ ಮೇವುಚೀಲ, ಅದರ ಕೆಳಗೆ ಕಲ್ಲುಹೊಟ್ಟೆ. ನುಂಗಿದ ಸಣ್ಣ ಹರಳಿನ ಜೊತೆ ಕಾಳು ಅರೆದು ಹಿಟ್ಟಾಗುತ್ತೆ, ಊದೋಕೆ ಪುರುಸೊತ್ತೇ ಇಲ್ಲ. ಅನ್ನ ಹಾಕೋದಾದ್ರೆ ಉಪ್ಪಿಲ್ಲದ್ದು, ಮಧ್ಯಾಹ್ನದೊಳಗೆ ತೆಗೀರಿ. ಅನ್ನ ಹಳಸೋದೇ ನಿಜವಾದ ತೊಂದರೆ.

ಗೊರೂರು ಹಿನ್ನೀರು:
ಅನ್ನ ಹಾಕಿದ್ರೆ ಕಾಗೆ ಬಿಟ್ಟು ಬೇರೆ ಯಾವುದೂ ಬರಲ್ಲ. ಪಿಂಡ ಇಟ್ಟ ದಿನ ಮಾತ್ರ ಅದೂ ನಾಪತ್ತೆ.

ಒಗ್ಗರಣೆ:
ಸಂಕ್ರಾಂತಿ ಎಳ್ಳು-ಬೆಲ್ಲ ಮಿಕ್ಕಿದ್ದು ಹಾಕಬಹುದಾ?

ಹಾಳೆಟೋಪಿ:
ಎಳ್ಳು ಆರಿಸಿ ಹಾಕಿ, ರಾಟವಾಳಕ್ಕೆ ಖುಷಿ. ಬೆಲ್ಲ, ಸಕ್ಕರೆ ಅಚ್ಚು ನೀವೇ ತಿನ್ನಿ. ಇರುವೆ ಬಂದ ತಟ್ಟೆಗೆ ಹಕ್ಕಿ ಬರಲ್ಲ. ಇರುವೆಗೆ ಅಂತ ಕಂಬಕ್ಕೆ ಗ್ರೀಸ್ ಹಚ್ಚೋರು ಇದಾರೆ, ದಯವಿಟ್ಟು ಬೇಡ, ಮೇಲೆ ಕೊಬ್ಬಿಗೆ ಹೇಳಿದ ಕಾರಣವೇ ಇದಕ್ಕೂ. ನೇತುಹಾಕೋ ಕೊಂಡಿಯ ನಡುವೆ ನೀರು ತುಂಬಿದ ಸಣ್ಣ ಬಟ್ಟಲು ಬರೋ ಹಾಗೆ ಕಟ್ಟಿದ್ರೆ ಇರುವೆ ದಾಟಲ್ಲ.

ಬೂದು ಸಿಪಿಲೆ:
ಎಲ್ಲರೂ ಕಾಳು ಕಾಳು ಅಂತೀರಿ, ನೀರು ಮರೆತ್ರಲ್ಲ ಮಾರಾಯ್ರೇ. ನಮ್ಮಲ್ಲಿ ಹಕ್ಕಿಗೆ ಕಷ್ಟದ ಕಾಲ ಚಳಿಗಾಲವಲ್ಲ, ಫೆಬ್ರವರಿಯಿಂದ ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಬೀಳೋ ತನಕ. ಹಳ್ಳ ಬತ್ತಿರುತ್ತೆ, ಇದ್ದ ನೀರೂ ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರಿನ ಹೊಲಸಾಗಿರುತ್ತೆ. ನೀರಿಟ್ಟರೆ ಹುಳ ತಿನ್ನೋದೂ ಬರುತ್ತೆ, ಹಣ್ಣು ತಿನ್ನೋದೂ ಬರುತ್ತೆ, ಕಾಳು ತಿನ್ನೋದೂ ಬರುತ್ತೆ. ರಾಜಹಕ್ಕಿ ತಟ್ಟೆಗೆ ಬರಲ್ಲ ಅಂದ್ರಲ್ಲ, ಸಂಜೆ ನಾಲ್ಕೂವರೆ-ಐದಕ್ಕೆ ನೀರಿಗೆ ಬರುತ್ತೆ ನೋಡಿ. ಕೊಂಬೆಯಿಂದ ಪುಳಕ್ ಅಂತ ಮುಳುಗೆದ್ದು ಅದೇ ಕೊಂಬೆಗೆ ವಾಪಸ್ ಹೋಗಿ ಪುಕ್ಕ ಕೊಡವುತ್ತೆ. ಅದಕ್ಕೆ ನೀರಿನ ಮೇಲೆ ಎರಡು ಮೂರು ಅಡಿ ಎತ್ತರಕ್ಕೆ ಒಂದು ಬೋಳು ಕೊಂಬೆ ಚಾಚಿರಬೇಕು, ಕೊಂಬೆ ಇಲ್ಲದ ನೀರಿಗೆ ಅದು ಇಳಿಯಲ್ಲ.

ಮಣ್ಣಿನ ಅಗಲ ಬಟ್ಟಲು, ಒಂದೂವರೆ ಅಡಿ ಅಗಲ. ಅಂಚಲ್ಲಿ ಅರ್ಧ ಇಂಚು ನೀರು, ನಡುವೆ ಎರಡು ಇಂಚು, ಅದಕ್ಕಿಂತ ಆಳ ಬೇಡ. ಒಳಮೈ ನುಣುಪಾಗಿರೋ ಗ್ಲೇಜ್ ಬಟ್ಟಲಾದ್ರೆ ಹಕ್ಕಿ ಕಾಲು ಜಾರುತ್ತೆ, ನಡುವೆ ಎರಡು ಹೊಳೆಗಲ್ಲು ಇಡಿ. ಮೇಲೆ ನೆರಳು. ಪೊದೆಯಿಂದ ಆರೇಳು ಅಡಿ ದೂರ ಇರಲಿ. ಹತ್ತಿರ ಆದ್ರೆ ಬೆಕ್ಕು ಅವಿತು ಕೂರುತ್ತೆ, ತೀರಾ ಬಯಲಾದ್ರೆ ಬಿಜ್ಜು (ಸಣ್ಣ ಗಿಡುಗ) ಎರಗಿದಾಗ ಓಡಿ ಸೇರೋಕೆ ಜಾಗ ಇರಲ್ಲ.

ಯಗಚಿ ದಂಡೆ:
ಡೆಂಗಿ ಕಾಲದಲ್ಲಿ ಅಂಗಳದಲ್ಲಿ ನೀರಿಟ್ಟರೆ ಆಶಾ ಕಾರ್ಯಕರ್ತೆ ಬಂದು ಚೆಲ್ಲಿ ಹೋಗ್ತಾರೆ.

ಬೂದು ಸಿಪಿಲೆ:
ಚೆಲ್ಲಲಿ, ಸರಿಯಾಗೇ ಮಾಡ್ತಾರೆ. ಮೊಟ್ಟೆಯಿಂದ ಸೊಳ್ಳೆ ಆಗೋಕೆ ವಾರ ಹತ್ತು ದಿನ ಬೇಕು. ದಿನಾ ಚೆಲ್ಲಿ ತುಂಬಿಸೋರ ಬಟ್ಟಲಲ್ಲಿ ಸೊಳ್ಳೆ ಹುಟ್ಟಲ್ಲ. ಬರೀ ಚೆಲ್ಲಿದ್ರೆ ಸಾಲದು, ಮೊಟ್ಟೆ ಗೋಡೆಗೆ ಅಂಟಿರುತ್ತೆ, ತೆಂಗಿನ ನಾರಲ್ಲಿ ಅಂಚು ಉಜ್ಜಬೇಕು. ದಿನಾ ಆಗಲ್ಲ ಅನ್ನೋರು ನೀರು ಇಡೋದೇ ಬೇಡ.

ದನದ ಡಾಕ್ಟ್ರು:
ತೊಳೆಯೋ ವಿಷಯ ಬಂತಲ್ಲ, ಪೂರ್ತಿ ಹೇಳಿಬಿಡ್ತೀನಿ. ಕಾಡಲ್ಲಿ ಹಕ್ಕಿಗಳು ಚದುರಿ ಮೇಯ್ತವೆ. ತಟ್ಟೆ ಇಟ್ಟ ಕೂಡಲೆ ಎಲ್ಲ ಒಂದೇ ಕಡೆ ಸೇರಿ, ತಿಂದಲ್ಲೇ ಹಿಕ್ಕೆ ಹಾಕಿ, ಅದನ್ನೇ ಇನ್ನೊಂದು ಹಕ್ಕಿ ತಿನ್ನುತ್ತೆ. ಬ್ರಿಟನ್ನಿನಲ್ಲಿ 2005ರಿಂದೀಚೆ ಗ್ರೀನ್‌ಫಿಂಚ್ ಹಕ್ಕಿ ಹೀಗೇ ಟ್ರೈಕೊಮೊನಾಸ್ ರೋಗದಿಂದ ರಾಶಿ ರಾಶಿ ಸತ್ತವು. ಅಮೆರಿಕದಲ್ಲಿ 1994ರಿಂದ ಹೌಸ್ ಫಿಂಚ್‌ಗೆ ಕಣ್ಣುಬೇನೆ ಹರಡಿತು, ಅದಕ್ಕೂ ಕಾಳಿನ ತಟ್ಟೆಯ ಪಾಲಿದೆ. ನಮ್ಮಲ್ಲಿ ಟ್ರೈಕೊಮೊನಾಸ್ ಎದ್ದು ಕಾಣೋದು ಪಾರಿವಾಳ, ಚೋರೆಯಲ್ಲಿ. ಗಂಟಲಲ್ಲಿ ಗಿಣ್ಣಿನಂಥ ಹಳದಿ ಗಂಟು, ನುಂಗೋಕಾಗದೆ ಕಾಳು ಉಗುಳೋದು ಇದ್ರೆ ಅದೇ ರೋಗ ಅಂತ ಅನುಮಾನ ಪಡಿ. ಕೊಕ್ಕಿನ ಬುಡ, ಕಣ್ಣು, ಕಾಲಲ್ಲಿ ನರುಲಿ ಥರ ಗಂಟಿದ್ರೆ ಸಿಡುಬಿನ ಜಾತಿ.

ವಾರಕ್ಕೊಂದು ಸಲ ಜರಡಿ, ಬಟ್ಟಲು ಎರಡನ್ನೂ ಸೋಪುನೀರಲ್ಲಿ ಉಜ್ಜಿ, ಒಂದು ಪಾಲು ದ್ರವ ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ತೊಳೆದು ಬಿಸಿಲಲ್ಲಿ ಒಣಗಿಸಿ. ಮೊದಲು ಉಜ್ಜದೆ ಬ್ಲೀಚ್ ಹಾಕಿದ್ರೆ ಹಿಕ್ಕೆ ಅಡಿ ಇರೋ ಕ್ರಿಮಿ ಸಾಯಲ್ಲ. ಬ್ಲೀಚ್ ಜೊತೆ ಟಾಯ್ಲೆಟ್ ಆಸಿಡ್ ಸೇರಿಸಬೇಡಿ, ಏಳೋ ಗಾಳಿ ನಿಮಗೇ ವಿಷ. ಮಂಜಿನ ದಿನ ಒಣಗಲ್ಲ, ಹಾಗಾಗಿ ಜರಡಿ ಎರಡು ಇಟ್ಟುಕೊಳ್ಳಿ. ಪುಕ್ಕ ಉಬ್ಬಿಸಿಕೊಂಡು ಹತ್ತಿರ ಹೋದ್ರೂ ಹಾರದ ಹಕ್ಕಿ ಕಂಡ್ರೆ ಕನಿಷ್ಠ ಎರಡು ವಾರ ಕಾಳು ಪೂರ್ತಿ ನಿಲ್ಲಿಸಿ. ನಾಟಿ ಕೋಳಿ ಗೂಡಿನ ಹತ್ತಿರ ತಟ್ಟೆ ಬೇಡ. ನಾಲ್ಕಾರು ಹಕ್ಕಿ ಒಟ್ಟಿಗೆ ಸತ್ತು ಬಿದ್ದಿದ್ರೆ ಬರಿಗೈಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ.

ಕಾಫಿಕಣ:
ಇಷ್ಟೆಲ್ಲ ಮಾಡೋಕೆ ಒಬ್ಬ ಆಳೇ ಬೇಕಲ್ಲ ಡಾಕ್ಟ್ರೇ. ಕಾಫಿ ಕೊಯ್ಯೋಕೇ ಜನ ಇಲ್ಲ.

ದನದ ಡಾಕ್ಟ್ರು:
ಆಗದೇ ಇದ್ರೆ ಬಿಡಿ. ಕೊಳಕು ತಟ್ಟೆಗಿಂತ ತಟ್ಟೆ ಇಲ್ಲದಿರೋದು ಮೇಲು.

ಹೆಗ್ಗದ್ದೆ ಕಡೆಯವ:
ಮಂಗದ ವಿಷಯ ಹಗುರ ಮಾಡಬೇಡಿ. ಡಿಸೆಂಬರಿಂದ ಮೇ ತನಕ ಮಂಗನ ಕಾಯಿಲೆ ಕಾಲ. 1957ರಲ್ಲಿ ಕ್ಯಾಸನೂರಿನಲ್ಲಿ ಗೊತ್ತಾದ ರೋಗ ಈಗ ಚಿಕ್ಕಮಗಳೂರು ಜಿಲ್ಲೇಲೂ ಕಾಣಿಸಿಕೊಳ್ಳುತ್ತೆ. ಹರಡೋದು ಉಣುಗಿನಿಂದ, ಮಂಗ ಸತ್ತ ಜಾಗದಲ್ಲಿ ಉಣುಗು ಉದುರಿಕೊಳ್ಳುತ್ತೆ. ಪಪ್ಪಾಯಿ ಬಾಳೆಹಣ್ಣು ಇಟ್ಟು ಮಂಗನ ಹಿಂಡನ್ನ ಅಂಗಳಕ್ಕೆ ಕರೆಯೋದು ಅಂದ್ರೆ ಉಣುಗನ್ನೂ ಕರೆದ ಹಾಗೆ. ಕಾಡಂಚಿನ ಮನೆಯವರು ಹಣ್ಣು ಇಡಲೇಬಾರದು. ಸಕಲೇಶಪುರ, ಆಲೂರು ಕಡೆಯವರಿಗೆ ಇನ್ನೊಂದು: ಹಕ್ಕಿಗೆ ಅಂತ ಬಾಳೆಗೊನೆ ಜಗಲೀಲಿ ನೇತುಹಾಕಿ ಮಲಗಬೇಡಿ, ರಾತ್ರಿ ಬರೋದು ಪಿಕಳಾರ ಅಲ್ಲ, ಆನೆ.

ಕೆಮ್ಮೀಸೆ:
ಪೇಟೆ ಮನೆಯವರು ಇಡಬಹುದಲ್ಲ? ಹಾಸನದ ಒಳಗೆ ಮಂಗ ಕಮ್ಮಿ. ಪಿಕಳಾರ, ಕುಟ್ರು ಹಕ್ಕಿ, ಬೆಳ್ಗಣ್ಣ ಎಲ್ಲ ಹಣ್ಣಿಗೆ ಬರ್ತವೆ. ಕಳಿತ ಬಾಳೆಹಣ್ಣು ಸಿಪ್ಪೆ ಸಮೇತ ಉದ್ದಕ್ಕೆ ಸೀಳಿ, ಬಿದಿರಿನ ಕಡ್ಡಿಗೆ ಚುಚ್ಚಿ ಕೊಂಬೆಗೆ ಸಿಕ್ಕಿಸಿ. ಮೊಳೆ ಬೇಡ. ದಿನಕ್ಕೆ ಅರ್ಧ ಹಣ್ಣು ಸಾಕು, ಮಧ್ಯಾಹ್ನ ಸಿಪ್ಪೆ ಇಳಿಸಿಬಿಡಿ. ಇಳಿಸಿದ ಸಿಪ್ಪೇನ ಗೊಬ್ಬರದ ಡ್ರಮ್ಮಿಗೆ ಹಾಕಿ ಮುಚ್ಚಳ ಸ್ವಲ್ಪ ತೆರೆದಿಟ್ಟರೆ ಹಣ್ಣುನೊಣ ಏಳುತ್ತೆ, ಆ ನೊಣಕ್ಕೆ ನೊಣಹಿಡುಕ, ಉಲಿಯಕ್ಕಿ ಬರ್ತವೆ. ಹುಳ ತಿನ್ನೋ ಹಕ್ಕಿಗೆ ಪೇಟೇಲಿ ಊಟ ಹಾಕೋ ದಾರಿ ಇದೂ ಒಂದು.

ಹಾಲುವಾಣ:
ತೋಟದವರಿಗೆ ಅದೂ ಬೇಡ. ಒಂದು ಅತ್ತಿ, ಒಂದು ಬಸರಿ, ಒಂದು ಗೋಣಿ ಮರ ಉಳಿಸಿದ್ರೆ ಸಾವಿರ ತಟ್ಟೆಗೆ ಸಮ. ಹಾಲುವಾಣ ಜನವರಿಯಿಂದ ಹೂ ಬಿಡುತ್ತೆ, ಆಗ ಒಂದು ಮರದಲ್ಲಿ ಸೂರಕ್ಕಿ, ಎಲೆಹಕ್ಕಿ, ಕಾಜಾಣ, ಗೊರವಂಕ ಎಲ್ಲ ಸಂತೆ ಸೇರಿರುತ್ತೆ. ಬೂರುಗದ್ದೂ ಹಾಗೇ. ಸೂರಕ್ಕಿಗೆ ಅಂತ ಸಕ್ಕರೆ ನೀರಿನ ಬಾಟ್ಲಿ ತರಿಸೋರು ಇದಾರೆ. ಅದು ಅಮೆರಿಕದ ಹಮ್ಮಿಂಗ್‌ಬರ್ಡ್‌ಗೆ ಮಾಡಿದ್ದು. ನಮ್ಮ ಬಿಸಿಲಿಗೆ ಎರಡು ದಿನದಲ್ಲಿ ಹುಳಿ ಹಿಡಿಯುತ್ತೆ. ದಾಸವಾಳ ನೆಡಿ, ಮುಗೀತು.

ಮೆಣಸಿನ ಬಳ್ಳಿ:
ಹಕ್ಕಿ ಕರೆಸಿಕೊಳ್ಳಿ ಕರೆಸಿಕೊಳ್ಳಿ ಅಂತೀರಿ, ಮೆಣಸು ಹಣ್ಣಾಗೋ ಹೊತ್ತಿಗೆ ಕುಟ್ರು, ಪಿಕಳಾರ ಬಳ್ಳೀಲೇ ಬಿಡಾರ. ಕೆಳಗೆ ಬಿದ್ದಿದ್ದು ಹೆಕ್ಕೋರು ಯಾರು?

ಹಾಲುವಾಣ:
ಹಕ್ಕಿ ತಿನ್ನೋದು ಕೆಂಪಾದ ಕಾಳು. ಗೊಂಚಲಲ್ಲಿ ಒಂದೆರಡು ಕಾಳು ಕೆಂಪಾದ ಕೂಡಲೆ ಕೊಯ್ಯೋದು ರೂಢಿ, ಆಗ ನಷ್ಟ ಅಲ್ಪ. ಜನ ಸಿಗದೆ ತಡ ಆದ್ರೆ ಹಕ್ಕಿ ಪಾಲು ಜಾಸ್ತಿ, ಅದು ಹಕ್ಕಿ ತಪ್ಪಲ್ಲ. ಇನ್ನೊಂದು ಕಡೆ ಲೆಕ್ಕವೂ ಹಾಕಿ. ಜಮೈಕಾದ ಕಾಫಿ ತೋಟದಲ್ಲಿ ಹಕ್ಕಿ ಬರದ ಹಾಗೆ ಬಲೆ ಮುಚ್ಚಿದ ಗಿಡಗಳಲ್ಲಿ ಕಾಯಿಕೊರಕದ ಕಾಟ ಜಾಸ್ತಿ ಆಗಿತ್ತು. ಅಲ್ಲಿ ಆ ಕೆಲಸ ಮಾಡಿದ್ದೂ ಚಳಿಗಾಲಕ್ಕೆ ವಲಸೆ ಬರೋ ಉಲಿಯಕ್ಕಿಗಳೇ.

ಮೆಣಸಿನ ಬಳ್ಳಿ:
ಜಮೈಕಾ ಲೆಕ್ಕ ಮೂಡಿಗೆರೇಲಿ ನಡೆಯುತ್ತೆ, ಮಿನೆಸೋಟ ಲೆಕ್ಕ ನಡೆಯಲ್ಲ. ಚೆನ್ನಾಗಿದೆ ನಿಮ್ಮ ನ್ಯಾಯ.

ಹಾಲುವಾಣ:
ಎರಡೂ ಕಡೆ ಕಾಫಿ, ಎರಡೂ ಕಡೆ ಅದೇ ಹುಳ, ಎರಡೂ ಕಡೆ ಹಿಮ ಇಲ್ಲ. ಆದ್ರೂ ನಮ್ಮ ನೆರಳು ದಟ್ಟ, ಹಕ್ಕಿ ಜಾತಿ ಬೇರೆ, ಅಷ್ಟೇ ಪ್ರಮಾಣದಲ್ಲಿ ಲಾಭ ಅಂತ ನಾನು ಹೇಳಿಲ್ಲ.

ಗೊರೂರು ಹಿನ್ನೀರು:
ನೋಡೋ ವಿಷಯ ಯಾರೂ ಎತ್ತಲಿಲ್ಲ. ಮಂಜಿದ್ದಾಗ ಆರಕ್ಕೆ ಎದ್ದು ಹೋಗಿ ಏನೂ ಕಾಣಲ್ಲ ಅಂತ ಗೊಣಗೋದು ಬೇಡ. ಬಿಸಿಲು ಮರದ ತುದಿಗೆ ಬಿದ್ದ ಮೇಲೆ ಮೊದಲ ಒಂದು ಗಂಟೆ ಹಕ್ಕಿ ಎಲ್ಲ ಪೂರ್ವದ ಮಗ್ಗುಲಿಗೆ ಬಂದು ಮೈ ಕಾಯಿಸ್ತವೆ, ಅಷ್ಟೊತ್ತಿಗೆ ಸೂರ್ಯ ನಿಮ್ಮ ಬೆನ್ನಿಗೆ ಇರೋ ಹಾಗೆ ನಿಂತ್ಕೊಳ್ಳಿ. ಚಳಿಗಾಲದಲ್ಲಿ ಮಿಶ್ರ ಹಿಂಡು ಕಟ್ಟಿಕೊಂಡು ಸುತ್ತುತ್ತವೆ; ಒಂದು ಕಾಜಾಣ ಕಂಡ್ರೆ ಅಲ್ಲೇ ನಿಲ್ಲಿ, ಹಿಂದೆ ಚೇಕಡಿ, ನೊಣಹಿಡುಕ, ಮರಕುಟಿಗ, ಉಲಿಯಕ್ಕಿ ಸಾಲಾಗಿ ಬರ್ತವೆ. ಹತ್ತು ನಿಮಿಷದಲ್ಲಿ ಹಿಂಡು ದಾಟಿ ತೋಟ ಮತ್ತೆ ಮೌನ. ಬೈನಾಕ್ಯುಲರ್ 8 ಇಂಟು 42 (ಎಂಟು ಪಟ್ಟು ದೊಡ್ಡದಾಗಿ ತೋರಿಸೋ, 42 ಮಿಲಿಮೀಟರ್ ಗಾಜಿನದ್ದು) ತಗೊಳ್ಳಿ. 10 ಇಂಟು 50 ತಗೊಂಡ್ರೆ ಕೈ ನಡುಗಿ ಕಾಫಿ ಗಿಡದ ಒಳಗಿನ ಉಲಿಯಕ್ಕಿ ಸಿಗಲ್ಲ. ಮಂಜಿಗೆ ಗಾಜು ಮಬ್ಬಾದ್ರೆ ಅಂಗಿ ಅಂಚಲ್ಲಿ ಒರೆಸಬೇಡಿ, ಗೀರು ಬೀಳುತ್ತೆ. ಹತ್ತಿ ಬಟ್ಟೆಯಲ್ಲಿ ನೀರು ಒತ್ತಿ ತೆಗೀರಿ.

ಫೆಬ್ರವರಿ ನಡುವಿನ ನಾಲ್ಕು ದಿನ ಜಗತ್ತಿನಾದ್ಯಂತ ಹಕ್ಕಿ ಎಣಿಸೋ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಇರುತ್ತೆ. ಒಂದೇ ಜಾಗದಲ್ಲಿ ಕನಿಷ್ಠ 15 ನಿಮಿಷ ಕೂತು ಕಂಡದ್ದು, ಕೇಳಿದ್ದು ಎಲ್ಲ ಎಣಿಸಿ ಹಕ್ಕಿ ಪಟ್ಟಿಯ ಜಾಲತಾಣ ಇ-ಬರ್ಡ್‌ಗೆ ಹಾಕಿ. ಅಪರೂಪದ್ದು ಮಾತ್ರ ಬರೆದು ಕಾಗೆ ಗೊರವಂಕ ಬಿಟ್ಟ ಪಟ್ಟಿ ಯಾವ ಲೆಕ್ಕಕ್ಕೂ ಬರಲ್ಲ.

ಒಗ್ಗರಣೆ:
ನವರಂಗದ ಫೋಟೊಗೆ ಮೊಬೈಲಲ್ಲಿ ಅದರ ಕೂಗು ಹಾಕಿದ್ರೆ ಹತ್ತಿರ ಬರುತ್ತಂತೆ, ಹೌದಾ?

ಗೊರೂರು ಹಿನ್ನೀರು:
ಬರುತ್ತೆ, ಅದಕ್ಕೇ ಮಾಡಬಾರದು. ಅದು ಇನ್ನೊಂದು ಗಂಡು ತನ್ನ ಜಾಗಕ್ಕೆ ನುಗ್ಗಿದೆ ಅಂತ ಮೇವು ಬಿಟ್ಟು ಜಗಳಕ್ಕೆ ಬರೋದು. ಸಾಕಿದ ಹುಳ ಸುರಿದು ದಿನಾ ಅದೇ ಕಲ್ಲಿನ ಮೇಲೆ ಕೂರಿಸಿ ಫೋಟೊ ತೆಗೆಸೋ ಧಂದೆಯೂ ಶುರುವಾಗಿದೆ. ಬೆಕ್ಕಿಗೂ ಗೊತ್ತಾಗುತ್ತೆ ಆ ಕಲ್ಲು ಎಲ್ಲಿದೆ ಅಂತ.

ಕೆಮ್ಮೀಸೆ:
ಹೋಂಸ್ಟೇ ಮಾಡಿರೋರಿಗೆ ಒಂದು ಮಾತು. ದೊಡ್ಡ ಗಾಜಿನ ಕಿಟಕಿಗೆ ನವರಂಗ, ಪಚ್ಚೆ ಬೆನ್ನಿನ ಕಾಡುಚೋರೆ ಬಡಿದು ಬೀಳೋದು ಇದೇ ಕಾಲದಲ್ಲಿ ಜಾಸ್ತಿ. ತಟ್ಟೆ ಇಟ್ಟರೆ ಕಿಟಕಿಯಿಂದ ಮೂರಡಿ ಒಳಗೆ ಇಡಿ, ಇಲ್ಲ ಮೂವತ್ತಡಿ ಆಚೆ. ನಡುವಿನ ದೂರವೇ ಅಪಾಯ, ಹಕ್ಕಿ ವೇಗ ತಗೊಂಡಿರುತ್ತೆ. ಗಾಜಿನ ಹೊರಮೈಗೆ ಎರಡೆರಡು ಇಂಚಿಗೆ ಒಂದು ಬಿಳಿ ಚುಕ್ಕಿ ಹಚ್ಚಬೇಕು. ಒಂದೇ ಒಂದು ಗಿಡುಗದ ಸ್ಟಿಕರ್ ಅಂಟಿಸಿದ್ರೆ ಏನೂ ಆಗಲ್ಲ, ಅದರ ಪಕ್ಕಕ್ಕೇ ಬಂದು ಬಡಿಯುತ್ತೆ. ಬಿದ್ದ ಹಕ್ಕಿ ಬಾಯಿಗೆ ನೀರು ಬಿಡಬೇಡಿ, ಶ್ವಾಸಕ್ಕೆ ಹೋಗುತ್ತೆ. ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಕತ್ತಲಲ್ಲಿ ಒಂದು ಗಂಟೆ ಬಿಟ್ಟು, ಹೊರಗೆ ತಂದು ಮುಚ್ಚಳ ತೆಗೆದ್ರೆ ಸುಧಾರಿಸಿಕೊಂಡಿದ್ರೆ ಹಾರುತ್ತೆ. ರೆಕ್ಕೆ ಜೋತುಬಿದ್ದಿದ್ರೆ ಅರಣ್ಯ ಇಲಾಖೆಗೆ ಹೇಳಿ, ಮನೇಲಿ ಸಾಕೋದು ಕಾನೂನು ಒಪ್ಪಲ್ಲ. ಗಿಳಿಯೂ ಅಷ್ಟೇ.

ಕಾಫಿಕಣ:
ಸರಿ, ಹಣ್ಣು ಬಂದ್. ಹಿತ್ತಲು ಗುಡಿಸೋದು ಬಂದ್. ಜರಡಿ, ನೀರು, ತೆನೆ ಮಾಡ್ತೀನಿ. ಅಳಿಲು, ಇಲಿಗೆ ಕಂಬಕ್ಕೆ ತಗಡು ಹೊಡೆಯೋದು ಹೇಗೆ? ಅಂಗಡೀಲಿ ಕೇಳಿದ್ರೆ ಅಂಥದ್ದು ಇಲ್ಲ ಅಂತಾರೆ.

ಹಾಳೆಟೋಪಿ:
ನೀವೇ ಮಾಡ್ಕೊಳ್ಳಿ. ತೆಳು ಜಿಂಕ್ ಶೀಟಲ್ಲಿ 60 ಸೆಂಟಿಮೀಟರ್ ಅಗಲದ ವೃತ್ತ ಕತ್ತರಿಸಿ. ಅದರಲ್ಲಿ ಕಾಲು ಭಾಗ ತೆಗೆದುಹಾಕಿ, ಆದ್ರೆ ಒಂದು ಅಂಚಲ್ಲಿ ಎರಡು ಸೆಂಟಿಮೀಟರ್ ಪಟ್ಟಿ ರಿವೆಟ್ ಹೊಡೆಯೋಕೆ ಉಳಿಸಿ. ಮಡಚಿ ಸೇರಿಸಿದ್ರೆ ಕೆಳಗೆ 45 ಸೆಂಟಿಮೀಟರ್ ಅಗಲದ ಟೋಪಿ ಆಗುತ್ತೆ. ಒಂದೂಕಾಲು ಇಂಚಿನ ಜಿಐ ಪೈಪಾದ್ರೆ, ಮಡಚೋ ಮೊದಲೇ ನಡುವಿಂದ ಮೂರು ಸೆಂಟಿಮೀಟರ್ ತ್ರಿಜ್ಯಕ್ಕೆ ತೂತು ತೆಗೀರಿ; ಮಡಚಿದಾಗ ಕಿರಿದಾಗಿ ಪೈಪಿಗೆ ಸಡಿಲವಾಗಿ ಕೂರುತ್ತೆ. ಬಿಗಿ ಮಾಡಬೇಡಿ, ಅಲ್ಲಾಡೋ ತಗಡಿನ ಮೇಲೆ ಅಳಿಲು ಕಾಲೂರಲ್ಲ. ಕೆಳಗೆ ಒಂದು ಹೋಸ್ ಕ್ಲಿಪ್ ಬಿಗಿದ್ರೆ ಜಾರಲ್ಲ. ಟೋಪಿ ನೆಲದಿಂದ ನಾಲ್ಕಡಿ ಮೇಲೆ, ಜರಡಿ ಅದಕ್ಕಿಂತ ಒಂದಡಿ ಮೇಲೆ, ಸುತ್ತ ಹತ್ತಡಿಯೊಳಗೆ ಕೊಂಬೆ, ತಂತಿ, ಗೋಡೆ ಯಾವುದೂ ಇರಬಾರದು.

ಮೆಣಸಿನ ಬಳ್ಳಿ:
ಮಂಗಕ್ಕೆ?

ಹಾಳೆಟೋಪಿ:
ಅದಕ್ಕೆ ತಗಡು ಇನ್ನೂ ಯಾರೂ ಕಂಡುಹಿಡಿದಿಲ್ಲ. ತಟ್ಟೇಲಿ ರಾಗಿ ಮಾತ್ರ ಹಾಕಿ, ಒಂದೆರಡು ಸಲ ಮುಕ್ಕಿ ಬೇಜಾರಾಗಿ ಮೆಣಸಿನ ಬಳ್ಳಿ ಕಡೆ ಬರ್ತವೆ.